ಮಾಡಿದ್ದುಣ್ಣೋ ಮಹಾರಾಯ: ಆಸ್ಪತ್ರೆಯ ಬಾಗಿಲಲ್ಲಿ ಒಂದು ಹಳೆಯ ವಾದ

ಚರ್ಚ್‌ಗೇಟಿನ ಸಿಡೆನ್‌ಹ್ಯಾಮ್ ಕಾಲೇಜಿನ ಹೆಸರು ಕೇಳದ ಕನ್ನಡ ಕುಟುಂಬ ಈ ಮುಂಬಯಿಯಲ್ಲಿ ವಿರಳವೆನ್ನಬೇಕು. 1913ರಲ್ಲಿ ಆರಂಭವಾದ ಈ ವಾಣಿಜ್ಯ ಮಹಾವಿದ್ಯಾಲಯದಲ್ಲಿ ಡಾ. ಅಂಬೇಡಕರರು ಕೆಲಕಾಲ ಅರ್ಥಶಾಸ್ತ್ರ ಬೋಧಿಸಿದ್ದರೆಂಬುದೂ ಹಲವರಿಗೆ ಗೊತ್ತು. ಆದರೆ ಕಾಲೇಜಿಗೆ ತನ್ನ ಹೆಸರು ಬಿಟ್ಟುಹೋದ ಆ ಸಿಡೆನ್‌ಹ್ಯಾಮ್ ಯಾರು? 1907ರಿಂದ 1913ರ ತನಕ ಮುಂಬಯಿ ಪ್ರಾಂತದ ಗವರ್ನರನಾಗಿದ್ದವನು ಈತ. ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಸೀಮೆಗಳೂ ಅಂದು ಇವನ ಆಳಿಕೆಗೆ ಸೇರಿದ್ದವು. 1908ರಲ್ಲಿ ಲೋಕಮಾನ್ಯ ತಿಲಕರು ಮಂಡಾಲೆಯ ಸೆರೆಗೆ ಹೋದದ್ದು ಇವನ ಕಾಲದಲ್ಲಿಯೇ. ಹೀಗಾಗಿ ಅವನನ್ನು ಹೊಗಳಿ ಬರೆಯುವ ಉತ್ಸಾಹ ನಮಗೇನೂ ಇಲ್ಲ. ಆದರೂ ಊರಿಗೆ ಮರಳಿದ ಮೇಲೆ ಅವನು ಮಾಡಿದ ಒಂದು ಕೆಲಸ, ನಾವು ಇಂದಿಗೂ ಊಟದ ಮನೆಯಲ್ಲಿ, ಲೋಕಲ್ ಗಾಡಿಯಲ್ಲಿ ಮಾಡುವ ಒಂದು ವಾದಕ್ಕೆ ನೇರವಾಗಿ ತಾಗುತ್ತದೆ.

ವಾದ ಇಷ್ಟೆ. ಒಬ್ಬ ಮೂವತ್ತು ವರ್ಷ ಬೀಡಿ ಸೇದಿ ಶ್ವಾಸಕೋಶ ಕೆಡಿಸಿಕೊಂಡ, ಇನ್ನೊಬ್ಬ ಕುಡಿದು ಯಕೃತ್ತನ್ನು ಹಾಳುಮಾಡಿಕೊಂಡ. ಅವರಿಗೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಚಿಕಿತ್ಸೆ ಏಕೆ? ಬೀಡಿ ಮುಟ್ಟದವನ, ಕುಡಿಯದವನ ತೆರಿಗೆಯ ಹಣ ಅದಕ್ಕೇಕೆ ಹೋಗಬೇಕು? ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆ ನಮ್ಮಲ್ಲಿ ಸಿದ್ಧವಾಗಿಯೇ ಇದೆ. ಪ್ರಶ್ನೆ ಇಂದಿನದೆಂದು ಅನೇಕರು ತಿಳಿಯುತ್ತಾರೆ. ಅದಕ್ಕೆ ಇನ್ನೂರೈವತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆ ಹೆಚ್ಚಾಗಿ ನಡೆದದ್ದು ನಾವು ಮನೆಯವರ ಮುಂದೆ ಹೆಸರೆತ್ತಲು ಸಂಕೋಚಪಡುವ ಗುಹ್ಯರೋಗಗಳ ಸುತ್ತ. (ಈ ರೋಗವನ್ನು ಪ್ರತಿಯೊಂದು ದೇಶವೂ ನೆರೆಯವನ ತಲೆಗೆ ಕಟ್ಟಿದ್ದು ಸ್ವಾರಸ್ಯ. ಇಂಗ್ಲಿಷರಿಗೆ ಅದು ಫ್ರೆಂಚರ ರೋಗ, ಫ್ರೆಂಚರಿಗೆ ನೇಪಲ್ಸಿನವರ ರೋಗ. ನಮ್ಮ ‘ಭಾವಪ್ರಕಾಶ’ದ ಕರ್ತೃ ಅದನ್ನು ಫಿರಂಗ ರೋಗವೆಂದು ಕರೆದ.)

ಹದಿನೆಂಟನೆಯ ಶತಮಾನದ ಲಂಡನಿನಲ್ಲಿ ದಾನಿಗಳ ವಂತಿಗೆಯಿಂದ ಬಡವರಿಗಾಗಿ ಆಸ್ಪತ್ರೆಗಳು ಎದ್ದವು. ವಂತಿಗೆ ಕೊಟ್ಟವರಿಗೆ ತಮ್ಮ ಹಣ ‘ಯೋಗ್ಯನಾದ ಬಡವ’ನಿಗೇ ಸಲ್ಲಬೇಕೆಂಬ ಹಟ. ಗುಹ್ಯರೋಗದವನು ತನ್ನ ಪಾಪದ ಫಲ ಉಣ್ಣುತ್ತಿದ್ದಾನೆ, ಅವನು ಯೋಗ್ಯನಲ್ಲ ಎಂದು ಅನೇಕ ಆಸ್ಪತ್ರೆಗಳು ಬಾಗಿಲು ಹಾಕಿದವು. ಸೇರಿಸಿಕೊಂಡ ಒಂದೆರಡು ಹಳೆಯ ಆಸ್ಪತ್ರೆಗಳಲ್ಲಿಯೂ ಅವರಿಗೆ ಬೇರೆ ವಾರ್ಡು, ಮೇಲೆ ಹೆಚ್ಚಿನ ಶುಲ್ಕ. ಕೊನೆಗೆ 1747ರಲ್ಲಿ ಅಂಥವರಿಗೆಂದೇ ‘ಲಾಕ್ ಆಸ್ಪತ್ರೆ’ ತೆರೆಯಿತು. ಅಲ್ಲಿಯೂ ಒಂದು ನಿಯಮ: ಒಮ್ಮೆ ಗುಣವಾಗಿ ಹೋದವನನ್ನು ಮತ್ತೆ ಸೇರಿಸುವಂತಿಲ್ಲ. ಮೊದಲನೆಯದು ತಪ್ಪು, ಎರಡನೆಯದು ಚಾಳಿ ಎಂಬ ತರ್ಕ.

ಮುಂದೆ ಇದೇ ಲಾಕ್ ಆಸ್ಪತ್ರೆಗಳು ನಮ್ಮ ದೇಶಕ್ಕೂ ಬಂದವು, ಆದರೆ ಬೇರೊಂದು ರೂಪದಲ್ಲಿ. ಬೆಂಗಳೂರು ದಂಡಿನಂತಹ ಸೈನಿಕ ನೆಲೆಗಳಲ್ಲಿ ಗೋರಾ ಸಿಪಾಯಿಗಳ ಆರೋಗ್ಯ ಕಾಯುವುದಕ್ಕೆಂದು ಹೆಂಗಸರನ್ನು ಹಿಡಿದು ತಂದು, ಪರೀಕ್ಷಿಸಿ, ಕೂಡಿಹಾಕುವ ಸ್ಥಳಗಳಾದವು ಅವು. ಇಂಗ್ಲೆಂಡಿನಲ್ಲಿ 1864ರಲ್ಲಿ, ಭಾರತದಲ್ಲಿ 1868ರಲ್ಲಿ ಇದಕ್ಕಾಗಿ ಕಾಯಿದೆಗಳೇ ಆದವು. ಪರೀಕ್ಷೆ ಹೆಂಗಸಿಗೆ ಮಾತ್ರ, ಸಿಪಾಯಿಗಲ್ಲ. ಜೋಸೆಫಿನ್ ಬಟ್ಲರ್ ಎಂಬ ದಿಟ್ಟ ಮಹಿಳೆಯ ಮುಂದಾಳುತನದಲ್ಲಿ ಚಳವಳಿ ನಡೆದು ಅಲ್ಲಿನ ಕಾಯಿದೆ 1886ರಲ್ಲಿ, ಇಲ್ಲಿನದು 1888ರಲ್ಲಿ ರದ್ದಾಯಿತು. ತಪ್ಪು ಯಾರದೆಂದು ಆಸ್ಪತ್ರೆಯೇ ತೀರ್ಮಾನಿಸಲು ಹೊರಟರೆ ಅಪವಾದ ಯಾರ ತಲೆಗೆ ಬರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಇಷ್ಟರಲ್ಲಿ ಯುರೋಪಿನಲ್ಲಿ ವಿಮೆಯ ಯುಗ ಬಂದಿತ್ತು. ಜರ್ಮನಿಯ ಬಿಸ್ಮಾರ್ಕ್ 1883ರಲ್ಲಿ ಕಾರ್ಮಿಕರಿಗೆ ತಂದ ಕಡ್ಡಾಯ ಆರೋಗ್ಯ ವಿಮೆ ಲೋಕಕ್ಕೇ ಮೇಲ್ಪಂಕ್ತಿ. ಅದರಲ್ಲಿಯೂ ನಮ್ಮ ಗಾದೆ ನುಸುಳಿತ್ತು. ಕುಡಿತದಿಂದ, ಹೊಡೆದಾಟದಿಂದ, ಸ್ವೇಚ್ಛಾಚಾರದಿಂದ ರೋಗ ತಂದುಕೊಂಡವನಿಗೆ ರಜೆಯ ದಿನಗಳ ಭತ್ಯವನ್ನು ತಡೆಹಿಡಿಯಲು ಅವಕಾಶವಿತ್ತು. ಆದರೆ ಡಾಕ್ಟರು, ಔಷಧಿ ನಿಲ್ಲಿಸುವಂತಿರಲಿಲ್ಲ. ಭತ್ಯಕ್ಕೆ ಒಂದು ನ್ಯಾಯ, ಔಷಧಿಗೆ ಇನ್ನೊಂದು. ಈ ಭೇದವನ್ನು ನಾವು ಬುದ್ಧಿವಂತಿಕೆಯದೆಂದೇ ಭಾವಿಸುತ್ತೇವೆ. ಇಂಗ್ಲೆಂಡಿನ ಕೆಲಸಗಾರರು ತಾವೇ ಕಟ್ಟಿಕೊಂಡ ಪರಸ್ಪರ ಸಹಾಯ ಸಂಘಗಳಲ್ಲಿಯೂ ಇಂಥದೇ ನಿಯಮ ಸಾಮಾನ್ಯವಾಗಿತ್ತು. ಪರಊರಿನಲ್ಲಿ ಸಹಾಯನಿಧಿ ಕಟ್ಟಿ ನಡೆಸಿದ ನಮ್ಮವರಿಗೆ ಆ ಸಂಘಗಳ ಕಷ್ಟ ಅರ್ಥವಾದೀತು. ಪೆಟ್ಟಿಗೆಯಲ್ಲಿರುವುದು ಹತ್ತು ಮಂದಿಯ ಬೆವರಿನ ದುಡ್ಡು. ಕುಡುಕನೊಬ್ಬ ಕೈಚಾಚಿದಾಗ ಕಾರ್ಯದರ್ಶಿಯ ಮುಖ ಗಂಟಾಗುವುದು ಸಹಜವೇ ತಾನೆ.

ಸಿಡೆನ್‌ಹ್ಯಾಮ್ ಈ ಕಥೆಯೊಳಗೆ ಬರುವುದು ಇಲ್ಲಿ. 1913ರಲ್ಲಿ ಬ್ರಿಟಿಷ್ ಸರಕಾರ ಗುಹ್ಯರೋಗಗಳ ಬಗ್ಗೆ ರಾಯಲ್ ಕಮಿಷನ್ ನೇಮಿಸಿ, ಮುಂಬಯಿಯಿಂದ ಆಗಷ್ಟೇ ಮರಳಿದ ಈ ಮಾಜಿ ಗವರ್ನರನನ್ನು ಅಧ್ಯಕ್ಷನನ್ನಾಗಿ ಮಾಡಿತು. ರೋಗಾಣುವನ್ನು 1905ರಲ್ಲಿ ಕಂಡುಹಿಡಿದಾಗಿತ್ತು, 1906ರಲ್ಲಿ ರಕ್ತಪರೀಕ್ಷೆ ಬಂದಿತ್ತು, 1910ರಲ್ಲಿ ಎರ್ಲಿಖ್‌ನ ಸಾಲ್ವರ್ಸಾನ್ ಎಂಬ ಹೊಸ ಔಷಧಿ ಪೇಟೆಗೆ ಬಂದಿತ್ತು. ಅದುವರೆಗಿನ ಪಾದರಸದ ಹಿಂಸೆಗೆ ಬದಲು ನಿಜವಾದ ಚಿಕಿತ್ಸೆ ಮೊದಲ ಬಾರಿಗೆ ಕೈಗೆಟುಕಿತ್ತು.

1916ರಲ್ಲಿ ಕಮಿಷನ್ನಿನ ವರದಿ ಹೊರಬಂತು. ದೊಡ್ಡ ಪಟ್ಟಣಗಳ ಜನಸಂಖ್ಯೆಯಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆಯಿಲ್ಲದಷ್ಟು ಜನರಿಗೆ ಸಿಫಿಲಿಸ್ ತಗಲಿದೆಯೆಂದು ಅದು ಅಂದಾಜು ಮಾಡಿತು. ತಂದೆಯ ರೋಗ ತಾಯಿಗೆ, ತಾಯಿಯದು ಕೂಸಿಗೆ; ಹುಟ್ಟುತ್ತಲೇ ಸೋಂಕು ತಗಲಿ ಕುರುಡಾಗುವ ಮಕ್ಕಳು. ಇವರು ಯಾವ ತಪ್ಪು ಮಾಡಿದ್ದರು? ಕಮಿಷನ್ನಿನವರು ಮಡಿವಂತರಲ್ಲವೆಂದಲ್ಲ; ಅನೀತಿಯ ಬಗ್ಗೆ ಉಪದೇಶಕ್ಕೆ ವರದಿಯಲ್ಲಿ ಕೊರತೆಯಿಲ್ಲ. ಆದರೆ ಶಿಫಾರಸು ಮಾತ್ರ ಸ್ಪಷ್ಟವಾಗಿತ್ತು: ಚಿಕಿತ್ಸೆ ಪುಕ್ಕಟೆಯಾಗಿರಲಿ, ಗುಟ್ಟಾಗಿರಲಿ, ಯಾರೇ ಬರಲಿ ಸಿಗಲಿ. ಮಹಾಯುದ್ಧದ ನಡುವೆಯೂ ಸರಕಾರ ಅದೇ ವರ್ಷ ಅದನ್ನು ಜಾರಿಗೆ ತಂದಿತು. ಸ್ಥಳೀಯ ಕೌನ್ಸಿಲ್ಲುಗಳು ಚಿಕಿತ್ಸಾಲಯ ನಡೆಸಬೇಕು, ಖರ್ಚಿನ ನೂರಕ್ಕೆ 75 ಪಾಲನ್ನು ಕೇಂದ್ರ ಖಜಾನೆ ಕೊಡಬೇಕು. ಬಂದವನು ಯಾವ ಊರಿನವನೆಂದೂ ಕೇಳಬೇಕಾಗಿರಲಿಲ್ಲ. ಮರುವರ್ಷ ನಾಟಿ ಔಷಧಿಯವರು ಈ ರೋಗಕ್ಕೆ ಮದ್ದು ಮಾರುವುದನ್ನು ಕಾಯಿದೆಯಿಂದ ತಡೆದರು. ಕೆಲವೇ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಚಿಕಿತ್ಸಾಲಯಗಳಾದವು.

ಬ್ರಿಟನ್ನಿನಲ್ಲಿ ಎಲ್ಲರಿಗೂ ಎಲ್ಲ ರೋಗಗಳಿಗೂ ಪುಕ್ಕಟೆ ಚಿಕಿತ್ಸೆ ಸಿಕ್ಕಿದ್ದು 1948ರ ಜುಲೈ 5ರಂದು. ಅದಕ್ಕೆ 32 ವರ್ಷ ಮೊದಲೇ ಪುಕ್ಕಟೆಯಾದದ್ದು ಕ್ಷಯದ ಬಡವನದೂ ಅಲ್ಲ, ಗಣಿಯಲ್ಲಿ ಕಾಲು ಮುರಿದುಕೊಂಡವನ ಹೆಂಡತಿಯದೂ ಅಲ್ಲ. ‘ಮಾಡಿದ್ದುಣ್ಣು’ ಎಂದು ಎಲ್ಲರೂ ಬೆರಳು ತೋರಿಸುತ್ತಿದ್ದವನ ರೋಗ! ಇದು ಕರುಣೆ ಉಕ್ಕಿ ಆದದ್ದಲ್ಲ. ಬಾಗಿಲು ಹಾಕಿದರೆ ರೋಗಿ ಅಡಗುತ್ತಾನೆ, ಅಡಗಿದವನು ಹಂಚುತ್ತಾನೆ ಎಂಬ ಲೆಕ್ಕಾಚಾರ ಅದು. ಆ ಪದ್ಧತಿ ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, ಪರದೇಶದವರಿಂದ ಶುಲ್ಕ ವಸೂಲು ಮಾಡುವ ನಿಯಮ ಬಂದಾಗಲೂ ಈ ರೋಗಗಳ ಚಿಕಿತ್ಸೆಯನ್ನು ಅದರಿಂದ ಹೊರಗಿಟ್ಟರು.

ಇಲ್ಲಿ ಚುರುಕಾದ ಓದುಗರು ನಮ್ಮನ್ನು ತಡೆದಾರು. ಗುಹ್ಯರೋಗ ಅಂಟುರೋಗ, ಸರಿ. ಬೀಡಿಯ ಕ್ಯಾನ್ಸರು ಅಂಟುವುದಿಲ್ಲವಲ್ಲ? ಆಕ್ಷೇಪಣೆ ನ್ಯಾಯವಾದದ್ದೇ. ಸಿಡೆನ್‌ಹ್ಯಾಮನ ಲೆಕ್ಕಾಚಾರ ಇಲ್ಲಿಗೆ ಸಾಲದು. ಹಾಗಾದರೆ ತಂಬಾಕಿನ ಚರಿತ್ರೆಯನ್ನೇ ತೆಗೆದು ನೋಡಬೇಕು.

1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ಲಂಡನಿನ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ, ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರುವ ನಂಟನ್ನು ಪ್ರಕಟಿಸಿದರು. ಅಧ್ಯಯನ ನಡೆಯುತ್ತಿದ್ದಾಗಲೇ ಡಾಲ್ ತಾನೂ ಸಿಗರೇಟು ಬಿಟ್ಟ. ಮರುವರ್ಷ ಸುಮಾರು 40,000 ವೈದ್ಯರನ್ನೇ ಹಿಡಿದು ದೀರ್ಘಕಾಲದ ಅಧ್ಯಯನ ಆರಂಭವಾಯಿತು. 1954ರ ಫೆಬ್ರವರಿಯಲ್ಲಿ ಆರೋಗ್ಯ ಮಂತ್ರಿ ಇಯಾನ್ ಮ್ಯಾಕ್ಲಿಯಾಡ್ ಈ ನಂಟನ್ನು ಸರಕಾರ ಒಪ್ಪುತ್ತದೆಂದು ಪತ್ರಕರ್ತರಿಗೆ ತಿಳಿಸಿದ; ತಿಳಿಸುತ್ತಿದ್ದಷ್ಟು ಹೊತ್ತೂ ಒಂದಾದ ಮೇಲೊಂದು ಸಿಗರೇಟು ಸೇದುತ್ತಿದ್ದ.

ಆ ಮಂತ್ರಿಯನ್ನು ಗೇಲಿ ಮಾಡುವುದು ಸುಲಭ. ಆದರೆ ಅದೇ ಸರಕಾರ ಎರಡು ಮಹಾಯುದ್ಧಗಳಲ್ಲಿ ಸಿಪಾಯಿಗಳಿಗೆ ಊಟದ ಜತೆ ಸಿಗರೇಟು ಹಂಚಿತ್ತು. 1947ರಲ್ಲಿ ತಂಬಾಕಿನ ಮೇಲಿನ ಸುಂಕವನ್ನು ಏರಿಸಿದಾಗ, ಪಿಂಚಣಿಯ ಮುದುಕರಿಗೆ ಹೊರೆಯಾಗಬಾರದೆಂದು ರಿಯಾಯಿತಿಯ ಟೋಕನ್ ಕೊಟ್ಟಿತು. 1958ರ ತನಕ ಅದು ನಡೆಯಿತು. ಹದಿನೆಂಟರ ಹುಡುಗನಿಗೆ ಕಂದಕದಲ್ಲಿ ಸಿಗರೇಟು ಹಚ್ಚಿಕೊಟ್ಟು, ಮುಂದೆ ಸೇದುವಷ್ಟು ಕಾಲವೂ ಸುಂಕ ಎತ್ತಿ, ಅರುವತ್ತಕ್ಕೆ ಅವನು ಕೆಮ್ಮುತ್ತ ಬಂದಾಗ ‘ಇದು ನಿನ್ನ ಆಯ್ಕೆ’ ಎನ್ನುವುದು ಯಾವ ನ್ಯಾಯ? ಇಲ್ಲಿ ಅಂಟಿದ್ದು ರೋಗಾಣುವಲ್ಲ, ಚಟ. ಅಂಟಿಸಿದವರಲ್ಲಿ ಸರಕಾರವೂ ಒಂದು.

ಹಾಗೆಂದು ಬಾಗಿಲು ಹಾಕುವ ಆಸೆ ಬಿಟ್ಟುಹೋಗಲಿಲ್ಲ. 1993ರಲ್ಲಿ ಮ್ಯಾಂಚೆಸ್ಟರಿನ ಒಬ್ಬ ರೋಗಿಗೆ ಸಿಗರೇಟು ಬಿಟ್ಟು ಬಂದರೆ ಮಾತ್ರ ಹೃದಯದ ಪರೀಕ್ಷೆಯೆಂದರು. ಅವನು ಬಿಟ್ಟ, ಆದರೆ ಪರೀಕ್ಷೆಗೆ ಮೊದಲೇ ತೀರಿಕೊಂಡ. ಇಡೀ ದೇಶದಲ್ಲಿ ಗದ್ದಲವಾಯಿತು. 2002ರಲ್ಲಿ ಫುಟ್‌ಬಾಲಿನ ಜಾರ್ಜ್ ಬೆಸ್ಟನಿಗೆ ಯಕೃತ್ತು ಕಸಿ ಮಾಡಿದಾಗ ಗದ್ದಲ ತಿರುಗುಮುರುಗಾಗಿತ್ತು: ಕುಡುಕನಿಗೆ ಏಕೆ? ಅವನು ಮತ್ತೆ ಕುಡಿದ, 2005ರಲ್ಲಿ ಸತ್ತ. ಆ ಪ್ರಸಂಗವನ್ನು ನಾವು ಬೇರೆ ಇಡುತ್ತೇವೆ. ದಾನವಾಗಿ ಬಂದ ಅಂಗ ಒಂದೇ, ಕಾದವರು ಹಲವರು ಎಂದಾಗ ಯಾರಿಗೆ ಹೆಚ್ಚು ಕಾಲ ಬಾಳೀತು ಎಂದು ವೈದ್ಯರು ನೋಡಲೇಬೇಕು. ಅದು ಉಳಿವಿನ ಲೆಕ್ಕ, ಶಿಕ್ಷೆಯಲ್ಲ. ಇನ್ನು ಹಣದ ಲೆಕ್ಕವನ್ನೇ ಹಿಡಿಯುವವರು 1997ರಲ್ಲಿ ಹಾಲೆಂಡಿನ ಸಂಶೋಧಕರು ಕಂಡುಕೊಂಡದ್ದನ್ನು ಕೇಳಬೇಕು: ಸೇದುವವರು ಬೇಗ ಸಾಯುವುದರಿಂದ, ಜೀವಮಾನವಿಡೀ ಕೂಡಿಸಿದರೆ ಅವರ ವೈದ್ಯಕೀಯ ಖರ್ಚು ಸೇದದವರಿಗಿಂತ ಕಡಿಮೆ! ಇದಕ್ಕಿಂತ ಕಹಿಯಾದ ಉಳಿತಾಯ ಇನ್ನೊಂದಿಲ್ಲ.

ನಮ್ಮ ನಾಡಿನ ವಿಷಯಕ್ಕೆ ಬರೋಣ. ಸರ್ ಜೋಸೆಫ್ ಭೋರ್ ಅವರ ಸಮಿತಿ 1946ರ ವರದಿಯಲ್ಲಿ, ಹಣ ಕೊಡಲಾರೆನೆಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂದಿತು. ತಪ್ಪು ಯಾರದೆಂಬ ಷರತ್ತನ್ನು ಅದು ಸೇರಿಸಲಿಲ್ಲ. 2018ರ ಆಯುಷ್ಮಾನ್ ಭಾರತ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಆಸ್ಪತ್ರೆಯ ಖರ್ಚು ಭರಿಸುತ್ತದೆ. ಅದರಲ್ಲಿ ಬಾಯಿಯ ಕ್ಯಾನ್ಸರಿಗೆ ಜಾಗವಿದೆ. ಆದರೆ ಮಾದಕ ವಸ್ತುಗಳ ಚಟ ಬಿಡಿಸುವ ಚಿಕಿತ್ಸೆಯನ್ನು ಹೊರಗಿಟ್ಟಿದ್ದಾರೆ. ಚಟದ ಫಲಕ್ಕೆ ಹಣವುಂಟು, ಚಟಕ್ಕೆ ಇಲ್ಲ. ಲಾಕ್ ಆಸ್ಪತ್ರೆಯ ಹಳೆಯ ವಾಸನೆ ಇಲ್ಲಿ ನಮಗೆ ಬಡಿಯುತ್ತದೆ.

ಬಾಯಿಯ ಕ್ಯಾನ್ಸರೆಂದರೆ ಪರಕೀಯರ ಪಾಪವೆಂದುಕೊಳ್ಳುವ ಹಾಗೂ ಇಲ್ಲ. ತಂಬಾಕು ಬೆರೆಸದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ಮಲೆನಾಡಿನ, ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುವುದೇ ಅಡಿಕೆಯಿಂದ. ಮದುವೆ, ಮುಂಜಿ, ಶುಭಕಾರ್ಯಗಳಲ್ಲಿ ತಟ್ಟೆ ಮುಂದಿಟ್ಟು ‘ಎಲೆ ಹಾಕಿಕೊಳ್ಳಿ’ ಎಂದು ಒತ್ತಾಯ ಮಾಡುವವರು ನಾವೇ. ಪರೇಲಿನಲ್ಲಿ 1941ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಗೆ ಊರಿನಿಂದ ದವಡೆ ಊದಿಸಿಕೊಂಡು ಬರುವ ಹಿರಿಯನಿಗೆ ಅದು ಆಯ್ಕೆಯಾಗಿತ್ತೆ, ಮರ್ಯಾದೆಯಾಗಿತ್ತೆ?

ಸೇದದ, ಕುಡಿಯದ ನಮ್ಮಂಥವರ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳನ್ನೂ ಈಗ ‘ಜೀವನಶೈಲಿಯ ರೋಗ’ವೆಂದು ಕರೆಯುತ್ತಾರೆ. ಈ ಹೆಸರನ್ನು ಒಪ್ಪುವ ಮುನ್ನ ಮೈಸೂರಿಗೊಮ್ಮೆ ಹೋಗಿಬರಬೇಕು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಇಂದಿಗೂ ಮಿಷನ್ ಆಸ್ಪತ್ರೆ ಎನ್ನುತ್ತಾರೆ, 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ದಾದಿಯರು ಶ್ರದ್ಧೆಯಿಂದ ಬರೆದಿಟ್ಟಿದ್ದರು. ಆ ಪುಸ್ತಕಗಳನ್ನು ಹಿಡಿದು, ಹಾಗೆ ಹುಟ್ಟಿದವರನ್ನು ನಡುವಯಸ್ಸು ದಾಟಿದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿಯೇ ಹೃದ್ರೋಗ ಹೆಚ್ಚೆಂದು ಕಂಡಿತು. 1996ರಲ್ಲಿ ಇದು ಲಂಡನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಸುರಿಯ ಹೊಟ್ಟೆಗೆ ಸಾಲದಿದ್ದ ಅನ್ನ, ಐವತ್ತು ವರ್ಷದ ಮೇಲೆ ಮಗನ ಎದೆಯಲ್ಲಿ ನೋವಾಗಿ ಬಂತು. ಇವನು ಮಾಡಿದ್ದೇನು, ಉಣ್ಣುವುದೇನು?

ಹಣ ಎಲ್ಲಿಂದ ಎಂಬ ಪ್ರಶ್ನೆ ಉಳಿಯುತ್ತದೆ, ಅದನ್ನು ಹಾರಿಸಲಾಗದು. ನಮ್ಮ ಅಭಿಪ್ರಾಯದಲ್ಲಿ ವಸೂಲಿಯ ಜಾಗ ಅಂಗಡಿಯ ಕಟ್ಟೆ, ಆಸ್ಪತ್ರೆಯ ಮಂಚವಲ್ಲ. ಇದಕ್ಕೊಂದು ಸಣ್ಣ ಮಾದರಿ ನಮ್ಮಲ್ಲಿಯೇ ಇತ್ತು. ದಕ್ಷಿಣ ಕನ್ನಡದ ಮನೆಮನೆಯ ಜಗಲಿಯಲ್ಲಿ ಬೀಡಿ ಕಟ್ಟಿದ ಹೆಂಗಸರಿಗಾಗಿ 1976ರಲ್ಲಿ ಒಂದು ಕಲ್ಯಾಣ ನಿಧಿಯ ಕಾಯಿದೆಯಾಯಿತು. ಮಾರಾಟವಾಗುವ ಬೀಡಿಯ ಮೇಲೆ ಒಂದಿಷ್ಟು ಸೆಸ್ಸು. ಆ ಹಣದಿಂದ ಬೀಡಿ ಕೆಲಸಗಾರರಿಗೆ ದವಾಖಾನೆ, ಮಕ್ಕಳಿಗೆ ವಿದ್ಯಾರ್ಥಿವೇತನ. ಕಟ್ಟಿದವರಿಗೆ ಉಂಟಾದ ಈ ಏರ್ಪಾಡು ಸೇದಿದವನ ತನಕ ಎಂದೂ ವಿಸ್ತರಿಸಲಿಲ್ಲ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ಸೂ ರದ್ದಾಯಿತು; ಅಂದಿನಿಂದ ಆ ದವಾಖಾನೆಗಳು ಕೇಂದ್ರದ ಸಾಮಾನ್ಯ ಬಜೆಟ್ಟಿನ ಹಣಕ್ಕೆ ಕಾಯುತ್ತಿವೆ.