ಟೆಡ್ಡಿ ಬೇರ್ ಮತ್ತು ಹೋಲ್ಟ್ ಕೋಲಿಯರ್

ಟೆಡ್ಡಿ ಬೇರ್‌ಗೆ ಆ ಹೆಸರು ಬಂದದ್ದು ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ 'ಟೆಡ್ಡಿ' ರೂಸ್‌ವೆಲ್ಟ್ ಅವರಿಂದ. ಮರಕ್ಕೆ ಕಟ್ಟಿದ್ದ ಕರಡಿಗೆ ಗುಂಡು ಹೊಡೆಯಲು ಅವರು ಒಪ್ಪಲಿಲ್ಲ ಅನ್ನೋ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಸರಿ, ಆದರೆ ಆ ಕರಡಿಯನ್ನು ಕಟ್ಟಿದವರು ಯಾರು? ಕತೆ ಹೇಳುವವರು ಅಲ್ಲಿಗೆ ಬಂದಾಗ "ಯಾರೋ ಒಬ್ಬ ಗೈಡ್" ಅಂದು ಮುಂದೆ ಹೋಗಿಬಿಡುತ್ತಾರೆ. ನನಗೆ ಕರಡಿಗಿಂತ ಆ ಗೈಡೇ ಹೆಚ್ಚು ಕಾಡಿದ್ದು.

ಈಗ ಅಮೆರಿಕದಲ್ಲಿ ಕರಡಿ ಬೇಟೆಗೆ ಹೋಗುವವರು ಔಟ್‌ಫಿಟ್ಟರ್ ಒಬ್ಬರನ್ನು ಗೊತ್ತು ಮಾಡಿಕೊಳ್ಳುತ್ತಾರೆ. ಬಿಡಾರ, ಊಟ, ನಾಯಿ, ದಾರಿ ತೋರಿಸುವವರು, ಎಲ್ಲಾ ಅವರದ್ದೇ ಜವಾಬ್ದಾರಿ. 1902ರ ನವೆಂಬರ್‌ನಲ್ಲಿ ಅಧ್ಯಕ್ಷರು ಮಿಸಿಸಿಪ್ಪಿ ರಾಜ್ಯಕ್ಕೆ ಬೇಟೆಗೆ ಹೊರಟಾಗ ರೈಲ್ವೆ ಕಂಪನಿಯ ಮುಖ್ಯಸ್ಥರು, ದೊಡ್ಡ ಜಮೀನ್ದಾರರು ಎಲ್ಲಾ ಜೊತೆಗಿದ್ದರು. ಆದರೆ ಬೇಟೆ ನಡೆಸಲು ಆರಿಸಿದ್ದು ಹೋಲ್ಟ್ ಕೋಲಿಯರ್ ಎಂಬ ಕಪ್ಪು ಜನಾಂಗದ ಬೇಟೆಗಾರರನ್ನು.

ಕೋಲಿಯರ್ ಸುಮಾರು 1846ರಲ್ಲಿ ಗುಲಾಮರಾಗಿ ಹುಟ್ಟಿದವರು. ಹುಡುಗರಾಗಿದ್ದಾಗಲೇ ಕರಡಿ ಬೇಟೆ ಕಲಿತರು. ಅಂತರ್ಯುದ್ಧದಲ್ಲಿ ಅವರು ಇದ್ದದ್ದು ದಕ್ಷಿಣದವರ ಕಡೆ, ಅಂದರೆ ಗುಲಾಮಗಿರಿ ಉಳಿಸಲು ಹೊರಟವರ ಕಡೆ! ಇತಿಹಾಸ ನಮ್ಮ ಲೆಕ್ಕಕ್ಕೆ ಸಿಗೋದು ಕಷ್ಟ. ಯುದ್ಧದ ನಂತರ ಕರಡಿ ಬೇಟೆಯೇ ಅವರ ಕಸುಬಾಯಿತು. ಆ ಡೆಲ್ಟಾದ ಕಾಡಿನಲ್ಲಿ ಬಿದಿರಿನ ಜಾತಿಯ ಗಿಡ ಆಳೆತ್ತರ ಮೀರಿ ದಟ್ಟವಾಗಿ ಬೆಳೆಯುತ್ತಿತ್ತು. ಅಲ್ಲಿ ದುಡ್ಡು, ಅಧಿಕಾರ ಯಾವುದೂ ಕರಡಿ ತೋರಿಸುವುದಿಲ್ಲ. ಬೇಕಾದದ್ದು ಒಳ್ಳೆಯ ನಾಯಿಗಳು, ಜೊತೆಗೆ ಕರಡಿ ಯಾವ ಕಡೆಯಿಂದ ಹೊರಬೀಳುತ್ತದೆಂದು ಮೊದಲೇ ಹೇಳಬಲ್ಲ ತಲೆ. ಕಪ್ಪು ಜನರ ಮತದ ಹಕ್ಕನ್ನು 1890ರ ಸಂವಿಧಾನದ ಮೂಲಕ ಹೆಚ್ಚುಕಮ್ಮಿ ಕಿತ್ತುಕೊಂಡಿದ್ದ ರಾಜ್ಯವದು. ಅಲ್ಲೇ ದೇಶದ ಅಧ್ಯಕ್ಷರ ಬೇಟೆಗೆ ಅವರೇ ಬೇಕಾದರು.

ಕೋಲಿಯರ್ ರೂಸ್‌ವೆಲ್ಟ್‌ರನ್ನು ಒಂದು ಜಾಗದಲ್ಲಿ ಕೂರಿಸಿ, ಕರಡಿಯನ್ನು ಅಲ್ಲಿಗೇ ಅಟ್ಟಿಕೊಂಡು ಬರಲು ಹೋದರು. ಕರಡಿ ಬರುವಷ್ಟರಲ್ಲಿ ಅಧ್ಯಕ್ಷರು ಊಟಕ್ಕೆ ಹೋಗಿದ್ದರು :-) ಕರಡಿ ನಾಯಿಯೊಂದನ್ನು ಹಿಡಿಯಿತು. ಗುಂಡು ಹಾರಿಸಿದರೆ ಅಧ್ಯಕ್ಷರಿಗೆ ಬೇಟೆ ಇಲ್ಲ, ಸುಮ್ಮನಿದ್ದರೆ ನಾಯಿ ಉಳಿಯುವುದಿಲ್ಲ. ಕೋಲಿಯರ್ ಬಂದೂಕಿನ ಹಿಂಬದಿಯಿಂದ ಕರಡಿಗೆ ಬಡಿದು, ಹಗ್ಗ ಹಾಕಿ ಮರಕ್ಕೆ ಕಟ್ಟಿದರು. ಓಡಿಬಂದ ರೂಸ್‌ವೆಲ್ಟ್ ಗುಂಡು ಹೊಡೆಯಲು ಒಪ್ಪಲಿಲ್ಲ.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಗೈಡ್ ಕೇಳಿದ್ದನ್ನು ಕೊಟ್ಟರು, ಕ್ಲಯಂಟ್ ಬೇಡ ಅಂದರು. "ಕರಡಿ ಬೇಕು" ಅನ್ನೋದು ಎಲ್ಲರಿಗೂ ಗೊತ್ತಿತ್ತು. "ತಪ್ಪಿಸಿಕೊಳ್ಳಲು ಅವಕಾಶವಿರುವ ಕರಡಿ ಬೇಕು" ಅನ್ನೋದು ಹೇಳದೇ ಉಳಿದ ಷರತ್ತು. ಬೇಟೆಗೂ ನ್ಯಾಯ ಇರಬೇಕೆಂದು 1887ರಲ್ಲಿ ಬೂನ್ ಆಂಡ್ ಕ್ರಾಕೆಟ್ ಕ್ಲಬ್ ಕಟ್ಟಿದವರಲ್ಲಿ ರೂಸ್‌ವೆಲ್ಟ್ ಮುಖ್ಯರು. ಅವರು ಮಾಡಿದ್ದು ಸರಿಯೇ. ಆದರೆ ಕರಡಿ ಬದುಕಲಿಲ್ಲ. ಅದರ ನರಳಾಟ ಮುಗಿಸಿ ಎಂದು ಅವರೇ ಹೇಳಿದರು, ಅದನ್ನು ಚಾಕುವಿನಿಂದ ಕೊಂದರು. ಗೊಂಬೆಯ ಜೊತೆ ಈ ಭಾಗ ಮಾರಾಟವಾಗಲಿಲ್ಲ.

ಮುಂದಿನದು ಬೇಗ ಬೇಗ ನಡೆಯಿತು. ಕ್ಲಿಫರ್ಡ್ ಬೆರಿಮನ್ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಕಾರ್ಟೂನ್ ಬರೆದರು. ಬ್ರೂಕ್ಲಿನ್‌ನ ಅಂಗಡಿಯವರಾದ ಮಾರಿಸ್ ಮಿಕ್ಟಮ್ ದಂಪತಿ ಬಟ್ಟೆಯ ಕರಡಿ ಹೊಲಿದು ಮಾರಿದರು. ರೂಸ್‌ವೆಲ್ಟ್‌ಗೆ ಕರುಣಾಮಯಿ ಅನ್ನೋ ಹೆಸರು ಬಂತು. ಬರಿಗೈಯಲ್ಲೆಂಬಂತೆ ಕರಡಿ ಹಿಡಿದವರ ಹೆಸರು ಆಟಿಕೆಯ ಕತೆಯೊಳಗೆ ಸೇರಲೇ ಇಲ್ಲ.

ರೂಸ್‌ವೆಲ್ಟ್ ಮಾತ್ರ ಮರೆಯಲಿಲ್ಲ ಅನ್ನಬೇಕು. 1907ರಲ್ಲಿ ಲೂಯಿಸಿಯಾನದ ಬೇಟೆಯಲ್ಲೂ ಕೋಲಿಯರ್ ಇದ್ದರು, ಅಲ್ಲಿ ಅಧ್ಯಕ್ಷರಿಗೆ ಕರಡಿ ಸಿಕ್ಕಿತು. ಕೋಲಿಯರ್ ಮೂರು ಸಾವಿರಕ್ಕೂ ಹೆಚ್ಚು ಕರಡಿಗಳ ಬೇಟೆಯಲ್ಲಿ ಪಾಲ್ಗೊಂಡವರು ಎಂದು ರೂಸ್‌ವೆಲ್ಟ್ ಬರೆದಿದ್ದಾರೆ. ಆ ಸಂಖ್ಯೆ ಓದಿದಾಗ ಮೆಚ್ಚಬೇಕೋ ಬೆಚ್ಚಬೇಕೋ ನನಗೆ ತಿಳಿಯಲಿಲ್ಲ. ಇಂಥ ಬೇಟೆ, ಜೊತೆಗೆ ಹೊಲಕ್ಕಾಗಿ ಕಾಡು ಕಡಿದದ್ದು ಸೇರಿ, ಅಲ್ಲಿಯ ಕಪ್ಪು ಕರಡಿಯ ಲೂಯಿಸಿಯಾನ ಉಪಜಾತಿಯನ್ನು 1992ರಲ್ಲಿ ಅಪಾಯದ ಪಟ್ಟಿಗೆ ಸೇರಿಸಬೇಕಾಯಿತು. 2016ರಲ್ಲಿ ಅದು ಪಟ್ಟಿಯಿಂದ ಹೊರಬಂತು.

ಕೋಲಿಯರ್ 1936ರಲ್ಲಿ ತೀರಿಕೊಂಡರು. 2004ರಲ್ಲಿ ಮಿಸಿಸಿಪ್ಪಿಯ ಒಂದು ವನ್ಯಜೀವಿ ಧಾಮಕ್ಕೆ ಅವರ ಹೆಸರಿಟ್ಟರು. ರೂಸ್‌ವೆಲ್ಟ್ ಹೆಸರಿನ ಧಾಮಗಳ ಸಮೂಹದಲ್ಲೇ ಅದೂ ಇದೆ. ನೂರು ವರ್ಷ ತಡವಾಗಿ ಇಬ್ಬರ ಹೆಸರೂ ಒಂದೇ ಕಡೆ ಬಂದವು. ಇನ್ನು ಮಕ್ಕಳಿಗೆ ಟೆಡ್ಡಿ ಕತೆ ಹೇಳುವಾಗ ಕೋಲಿಯರ್ ಹೆಸರನ್ನೂ ಸೇರಿಸಿ ಹೇಳೋಣ, ಏನಂತೀರಿ?