ಗರ್ಭಿಣಿಯರು ಮತ್ತು ಮೆಗ್ನೀಸಿಯಂ ಮಾತ್ರೆ: ತಿಳಿದಿರಬೇಕಾದ ವಿಷಯಗಳು

ನಮ್ಮ ಕರಾವಳಿಯ ಊರಾಗಲಿ, ಘಟ್ಟದ ಮೇಲೆ ಶಿವಮೊಗ್ಗ ಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲಿರುವ ಹೊನ್ನಾಳಿ-ನ್ಯಾಮತಿ ಸೀಮೆಯ ಗೋವಿನಕೋವಿಯಂತಹ ಹಳ್ಳಿಯಾಗಲಿ, ರಾತ್ರಿ ಮೀನಖಂಡದ ಸೆಳೆತದಿಂದ ನರಳುವ ಗರ್ಭಿಣಿಗೆ "ಮೆಗ್ನೀಸಿಯಂ ಮಾತ್ರೆ ತೆಗೆದುಕೋ" ಎನ್ನುವವರು ಈಗ ಹೆಚ್ಚಾಗಿದ್ದಾರೆ. ಆದ್ದರಿಂದ ಈ ವಿಷಯದ ಬಗ್ಗೆ ಮುಖ್ಯ ಮಾಹಿತಿಯನ್ನು ಇಲ್ಲಿ ನೀಡುತ್ತಿದ್ದೇವೆ.

ಎಲ್ಲರಿಗೂ ಬೇಕೇ?
ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ನೀಡುವುದು ಕಬ್ಬಿಣಾಂಶ (60 ಮಿ.ಗ್ರಾಂ.), ಫೋಲಿಕ್ ಆಮ್ಲ ಹಾಗೂ ಕ್ಯಾಲ್ಸಿಯಂ ಮಾತ್ರೆಗಳನ್ನು. ಮೆಗ್ನೀಸಿಯಂ ಈ ಪಟ್ಟಿಯಲ್ಲಿಲ್ಲ. ಅದು ಕಾಲಿನ ಸೆಳೆತವನ್ನು ಖಚಿತವಾಗಿ ಗುಣಪಡಿಸುತ್ತದೆ ಎನ್ನಲು ಬಲವಾದ ಆಧಾರವೂ ಇಲ್ಲ. ಬೇಕೋ ಬೇಡವೋ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಆಹಾರದಲ್ಲಿ
100 ಗ್ರಾಂ ರಾಗಿಯಲ್ಲಿ ಸುಮಾರು 140 ಮಿ.ಗ್ರಾಂ. ಮೆಗ್ನೀಸಿಯಂ ಇದೆ. ಜೋಳ, ಹುರುಳಿ, ಹೆಸರುಕಾಳು, ಶೇಂಗಾ, ಎಳ್ಳು, ಸೊಪ್ಪುಗಳಲ್ಲಿಯೂ ಇದೆ. ಆರೋಗ್ಯವಂತರಿಗೆ ಆಹಾರದ ಮೆಗ್ನೀಸಿಯಂನಿಂದ ತೊಂದರೆಯಿಲ್ಲ. 2017ರಲ್ಲಿ ಆರಂಭವಾದ ರಾಜ್ಯ ಸರಕಾರದ ಮಾತೃಪೂರ್ಣ ಯೋಜನೆಯ ಉದ್ದೇಶವೂ ತಾಯಂದಿರಿಗೆ ಪೌಷ್ಟಿಕ ಊಟ ನೀಡುವುದೇ ಆಗಿದೆ.

ಮಾತ್ರೆ ಸೇವಿಸುವವರು ಗಮನಿಸಬೇಕಾದದ್ದು
- ಮಾತ್ರೆಗಳಿಂದ ಸಿಗುವ ಮೆಗ್ನೀಸಿಯಂ ದಿನಕ್ಕೆ 350 ಮಿ.ಗ್ರಾಂ. ಮೀರಬಾರದೆಂದು ಅಮೆರಿಕದ ಪೋಷಣಾ ಮಾನದಂಡ ಹೇಳುತ್ತದೆ. ಮೀರಿದರೆ ಭೇದಿ, ವಾಕರಿಕೆ, ಹೊಟ್ಟೆನೋವು ಬರಬಹುದು.
- ಎದೆಯುರಿಗೆ ಕುಡಿಯುವ ಕೆಲವು ಔಷಧಿಗಳಲ್ಲೂ ಮೆಗ್ನೀಸಿಯಂ ಇರುತ್ತದೆ. ಅದನ್ನೂ ಲೆಕ್ಕಕ್ಕೆ ಸೇರಿಸಬೇಕು.
- ಕಬ್ಬಿಣಾಂಶದ ಮಾತ್ರೆಯೊಡನೆ ಸೇವಿಸಬೇಡಿ, ಕನಿಷ್ಠ ಎರಡು ಗಂಟೆಯ ಅಂತರವಿರಲಿ. ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆಯ ಅಂತರ ಬೇಕು.
- ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ಅಪಾಯಕಾರಿ.
- ಭೇದಿ ಉಪ್ಪನ್ನು ಮೆಗ್ನೀಸಿಯಂ ಎಂದುಕೊಂಡು ಕುಡಿಯಬಾರದು.

ಎಚ್ಚರಿಕೆ
ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈಗಳ ಊತ, ಮೇಲ್ಹೊಟ್ಟೆಯ ನೋವು ಇವು ರಕ್ತದೊತ್ತಡ ಏರಿ ಉಂಟಾಗುವ ಗರ್ಭನಂಜಿನ ಲಕ್ಷಣಗಳಾಗಿರಬಹುದು. ಇದಕ್ಕೆ ಮಾತ್ರೆ ನುಂಗಿ ಮನೆಯಲ್ಲಿ ಕಾಯುವುದು ಪ್ರಾಣಕ್ಕೇ ಸಂಚಕಾರ. ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಕೊಡುವ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಫಿಟ್ಸ್ ಬರುವ ಅಪಾಯವನ್ನು ಅರ್ಧಕ್ಕಿಂತಲೂ ಕಡಿಮೆ ಮಾಡುತ್ತದೆಂದು 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನ ತೋರಿಸಿಕೊಟ್ಟಿದೆ. ಆದರೆ ಉಸಿರಾಟ, ಮೂತ್ರದ ಪ್ರಮಾಣ ಇತ್ಯಾದಿಗಳನ್ನು ಗಮನಿಸುತ್ತಾ ಅದನ್ನು ಆಸ್ಪತ್ರೆಯಲ್ಲೇ ಕೊಡಬೇಕು. ಮನೆಯ ಮಾತ್ರೆ ಅದಕ್ಕೆ ಬದಲಿಯಲ್ಲ.

ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಸೇವಿಸುತ್ತಿರುವ ಎಲ್ಲಾ ಮಾತ್ರೆಗಳನ್ನೂ ತಾಯಿ ಕಾರ್ಡನ್ನೂ ಅಲ್ಲಿಗೆ ಒಯ್ದು ತೋರಿಸಿ.

ಮಾತೆ ಮರಿಯಮ್ಮನವರು ಗರ್ಭಿಣಿ ಎಲಿಜಬೇತಳ ಮನೆಗೆ ಹೋಗಿ ಸುಮಾರು ಮೂರು ತಿಂಗಳು ಜೊತೆಗಿದ್ದರು. ನೆರೆಮನೆಯ ಗರ್ಭಿಣಿಯನ್ನು ತಪಾಸಣೆಗೆ ಕರೆದೊಯ್ಯುವುದೂ ಅಂತಹದೇ ಸೇವೆ. ಹರಿಹರದ ಆರೋಗ್ಯ ಮಾತೆ ನಮ್ಮ ಎಲ್ಲಾ ತಾಯಂದಿರನ್ನು ಕಾಪಾಡಲಿ ಎಂದು ಪ್ರಾರ್ಥಿಸುತ್ತೇವೆ.