ಟ್ರಂಕಿನ ಪೆಟ್ಟಿಗೆ, ಲೇಬಲ್ಲಿನ ಕೆಂಪು

ಅಮ್ಮನ ಟ್ರಂಕಿನಲ್ಲಿ, ಸೀರೆಗಳ ಮಡಿಕೆಯ ನಡುವೆ, ಮೈಸೂರು ಸ್ಯಾಂಡಲ್ ಸೋಪಿನ ಖಾಲಿ ಪೆಟ್ಟಿಗೆಯೊಂದು ಯಾವಾಗಲೂ ಇರುತ್ತಿತ್ತು. ಸೋಪು ಕರಗಿ ತಿಂಗಳಾದರೂ ಪೆಟ್ಟಿಗೆ ಎಸೆಯಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಮುಂದೆ ನಾನು ಬೆಂಗಳೂರಿಗೆ ಬಂದು ಲೇಬಲ್ ಬರೆಯುವ ಕಸುಬಿಗೆ ಕೂತಾಗ, ಆ ಪೆಟ್ಟಿಗೆ ಯಾಕೆ ಉಳಿಯುತ್ತಿತ್ತು ಅನ್ನುವುದು ತಿಳಿಯಿತು.

ಮೊದಲ ಮಹಾಯುದ್ಧದಿಂದ ಮೈಸೂರಿನ ಗಂಧದ ಮರ ಯುರೋಪಿಗೆ ಹೋಗುವುದು ನಿಂತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯ ಇಬ್ಬರೂ ಮನಸ್ಸು ಮಾಡಿ 1916ರಲ್ಲಿ ಸಂಸ್ಥಾನದಲ್ಲೇ ಗಂಧದೆಣ್ಣೆ ತೆಗೆಸತೊಡಗಿದರು. ಆ ಎಣ್ಣೆಯ ಸೋಪಿನ ಹೊಣೆ ಹೊತ್ತವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಇಂಗ್ಲೆಂಡಿನಲ್ಲಿ ವಿದ್ಯೆ ಕಲಿತು ಬಂದ ರಸಾಯನಶಾಸ್ತ್ರಜ್ಞ. ಜನ ಕರೆದದ್ದು ‘ಸೋಪು ಶಾಸ್ತ್ರಿ’ ಎಂದೇ. ಅವರು ಸೋಪಿಗೆ ಅಂಡಾಕಾರ ಕೊಟ್ಟರು. ಒಡವೆ ಅಂಗಡಿಯವರು ಬಳಸುವಂಥ ತೆಳು ಬಿಳಿ ಕಾಗದದಲ್ಲಿ ಸುತ್ತಿಸಿದರು. ಹೂಬಳ್ಳಿಯ ಚಿತ್ತಾರದ ಡಬ್ಬಿಯನ್ನು ಒಡವೆ ಪೆಟ್ಟಿಗೆಯ ಹಾಗೆಯೇ ಮಾಡಿಸಿದರು. ಗುರುತಿಗೆ ಶರಭ: ಸಿಂಹದ ಮೈ, ಆನೆಯ ಮುಖ. ನಮ್ಮ ರಾಜ್ಯಲಾಂಛನದಲ್ಲಿ ಗಂಡಭೇರುಂಡದ ಅಕ್ಕಪಕ್ಕ ನಿಂತಿರುವುದೂ ಅದೇ. ಅರಮನೆಯ ಕಣ್ಣಿಗೆ ಶರಭ ಹೊಸದಲ್ಲ, ಕೊಳ್ಳುವ ಹೆಂಗಸಿನ ಕೈಗೆ ಒಡವೆ ಪೆಟ್ಟಿಗೆ ಹೊಸದಲ್ಲ. ಮಾಡಿಸುವವರನ್ನೂ ಕೊಳ್ಳುವವರನ್ನೂ ಒಂದೇ ಡಬ್ಬಿಯಲ್ಲಿ ಒಪ್ಪಿಸಿದ ಆ ಕೆಲಸಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ.

ಎಪ್ಪತ್ತರ ದಶಕದಲ್ಲಿ ಅವೆನ್ಯೂ ರಸ್ತೆಯ ನಮ್ಮ ಮಹಡಿಗೆ ಬರುತ್ತಿದ್ದವರು ಊದುಬತ್ತಿ, ಕುಂಕುಮ, ಕಾಫಿಪುಡಿ, ನಶ್ಯದ ವ್ಯಾಪಾರಿಗಳು. ಏನು ಬೇಕೆಂದು ಬಾಯಲ್ಲಿ ಹೇಳುವವರು ಕಡಿಮೆ. ಚೀಲದಿಂದ ಹಳೇ ಕ್ಯಾಲೆಂಡರು, ಬೇರೆಯವರ ಪೊಟ್ಟಣ, ದೇವರ ಪಟ ತೆಗೆದು ಮೇಜಿನ ಮೇಲಿಡುತ್ತಿದ್ದರು. ಮೊದಲು ಪೆನ್ಸಿಲಿನ ರಫ್, ಆಮೇಲೆ ಪೋಸ್ಟರ್ ಬಣ್ಣದಲ್ಲಿ ಎರಡರಷ್ಟು ಅಳತೆಯ ಫಿನಿಶ್, ಆಮೇಲೆ ಶಿವಕಾಶಿಯ ಪ್ರೆಸ್ಸಿನಿಂದ ಪ್ರೂಫ್. ಪ್ರೂಫಿನ ಮೇಲೆ ರುಜು ಬಿದ್ದರೆ ಮುಗಿಯಿತು. ಓದಲು ಬಾರದವರು ಅಂಗಡಿಯಲ್ಲಿ ಚಿತ್ರವನ್ನೇ ಹೆಸರು ಮಾಡಿ ಕೇಳುತ್ತಿದ್ದ ಕಾಲ ಅದು. ಮೈಸೂರಿನ ಎನ್. ರಂಗರಾಯರು 1948ರಲ್ಲಿ ಶುರುಮಾಡಿದ ಊದುಬತ್ತಿಗೆ ಸೈಕಲ್ ಅನ್ನುವ ಹೆಸರು ಎಷ್ಟು ಚೆನ್ನಾಗಿ ಒಗ್ಗಿತೆಂದರೆ, ಯಾವ ಭಾಷೆಯವರೂ ತಡವರಿಸಬೇಕಾಗಿರಲಿಲ್ಲ.

1976ರಲ್ಲಿ ಊದುಬತ್ತಿಯ ಹಿರಿಯ ಸಾಹುಕಾರರೊಬ್ಬರು ಬಂದು ಹೆಂಡತಿಯ ಮದುವೆ ಸೀರೆಯ ಅಂಚಿನಿಂದ ಕತ್ತರಿಸಿದ ತುಂಡೊಂದನ್ನು ನನ್ನ ಮುಂದಿಟ್ಟರು. “ಈ ಕೆಂಪು ಬರಬೇಕಪ್ಪ.” ಮೂರು ಫಿನಿಶ್ ಬರೆದೆ. ಮೂರನ್ನೂ ಬಾಗಿಲ ಬೆಳಕಿಗೆ ಹಿಡಿದು, ರೇಷ್ಮೆ ತುಂಡು ಪಕ್ಕದಲ್ಲಿಟ್ಟು, ತಲೆಯಾಡಿಸಿದರು. ನಾಲ್ಕನೆಯದನ್ನು ಹೇಗೋ ಒಪ್ಪಿ ಶಿವಕಾಶಿಗೆ ಕಳಿಸಿದರೆ ಪ್ರೂಫಿನಲ್ಲಿ ಇಟ್ಟಿಗೆ ಬಣ್ಣ ಬಂತು.

“ರೇಷ್ಮೆಯ ಹೊಳಪು ಕಾಗದದ ಮೇಲೆ ಬರಲ್ಲ, ಸಾಹುಕಾರ್ರೇ,” ಅಂದೆ. ಗಂಟಲು ಕಟ್ಟಿತ್ತು.

“ಹೊಳಪು ಯಾರಿಗೆ ಬೇಕಪ್ಪ? ದೀಪ ಹಚ್ಚೋ ಹೊತ್ತಲ್ಲಿ ಜನ ಊದುಬತ್ತಿಗೆ ಬರ್ತಾರೆ. ಆಗ ಇದು ಕಣ್ಣಿಗೆ ಬೀಳಬೇಕು.”

ಮೂರು ವಾರದಲ್ಲಿ ನಾನು ಕೇಳದೆ ಬಿಟ್ಟಿದ್ದ ಪ್ರಶ್ನೆಗೆ ಅದು ಉತ್ತರ. ಅವರು ಕೊಟ್ಟದ್ದು ಮದುವೆಯ ಕೆಂಪು, ಬೇಕಾಗಿದ್ದದ್ದು ಮುಸ್ಸಂಜೆಯ ಕೆಂಪು. ಅವತ್ತೇ ಸಂಜೆ ನಾಲ್ಕೂ ಫಿನಿಶ್ ಹಿಡಿದು ಅವರ ಜೊತೆ ಕಾಟನ್‌ಪೇಟೆಯ ಪೆಟ್ಟಿಗೆ ಅಂಗಡಿಯೊಂದಕ್ಕೆ ಹೋದೆ. ಬಾಳೆಗೊನೆಯ ಪಕ್ಕದ ದಾರಕ್ಕೆ ಅವನ್ನು ಸಿಕ್ಕಿಸಿದೆವು. ಬಲ್ಬಿನ ಹಳದಿ ಬೆಳಕಿಗೆ, ನಾನು ಅಷ್ಟು ಕಷ್ಟಪಟ್ಟು ಕಲಸಿದ್ದ ಕ್ರಿಮ್ಸನ್ ಕಪ್ಪಿಟ್ಟುಹೋಯಿತು. ಅವರು ಮೊದಲೇ ಬೇಡವೆಂದಿದ್ದ, ಕಿತ್ತಳೆಯ ಕಡೆಗೆ ವಾಲಿದ ಎರಡನೆಯ ಕೆಂಪು ಮಾತ್ರ ರಸ್ತೆಯ ಆ ಬದಿಗೂ ಕಾಣುತ್ತಿತ್ತು. ಸುತ್ತ ಒಂದು ಹಳದಿ ಗೆರೆ ಎಳೆಯಲೇ ಎಂದು ಕೇಳಿದೆ. ಸಾಹುಕಾರರು ರಸ್ತೆ ದಾಟಿ ಹೋಗಿ ನಿಂತು ನೋಡಿದರು. ಮರಳಿ ಬಂದು ರೇಷ್ಮೆ ತುಂಡನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಅಂಗಡಿಯವನಿಂದ ಪೆನ್ಸಿಲ್ ಕೇಳಿ ಪಡೆದು, ಆ ಫಿನಿಶಿನ ಹಿಂದೆ ‘ಇದೇ ಕೆಂಪು, ಹಳದಿ ಗೆರೆ ಸಹಿತ’ ಎಂದು ಬರೆದು ರುಜು ಹಾಕಿದರು.